ಟ್ವಿನ್ ಪೀಕ್ಸ್: ಅದೇ ಸರಣಿ, ಮತ್ತೆ ಮತ್ತೆ ಹೊಸ ಪೆಟ್ಟಿಗೆ

ಒಂದೇ ಧಾರಾವಾಹಿಯನ್ನು ಎಷ್ಟು ಸಲ ಕೊಳ್ಳಬೇಕು? ಹಳೇ ಟಿವಿ ಸರಣಿಗಳನ್ನು ಹಚ್ಚಿಕೊಂಡವರಿಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಇಪ್ಪತ್ತು ವರ್ಷ ತುಂಬಿತು ಅಂತ ಒಂದು ಪೆಟ್ಟಿಗೆ. ಇಪ್ಪತ್ತೈದು ತುಂಬಿತು ಅಂತ ಇನ್ನೊಂದು. ಮೂವತ್ತಕ್ಕೆ ಮತ್ತೊಂದು. ಹೊರಗಿನ ಚಿತ್ರ ಬೇರೆ, ಬಣ್ಣ ಬೇರೆ, ಬೆಲೆಯಂತೂ ಬೇರೆಯೇ. ಒಳಗೆ ಅದೇ ಊರು, ಅದೇ ಮುಖಗಳು, ಅದೇ ಕಥೆ. "ಇದು ಆಗಲೇ ನಮ್ಮ ಹತ್ರ ಇದೆಯಲ್ವಾ?" ಅಂತ ಮನೆಯವರು ಕೇಳುತ್ತಾರೆ. ಕೇಳಲೇಬೇಕಾದ ಮಾತು ಅದು.

ಇದಕ್ಕೆ ಉತ್ತರ ಹುಡುಕಲು ನಾನು ಒಂದೇ ಸರಣಿಯನ್ನು ಹಿಡಿದುಕೊಳ್ಳುತ್ತೇನೆ. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಸೇರಿ ಕಟ್ಟಿದ 'ಟ್ವಿನ್ ಪೀಕ್ಸ್'. ಇದನ್ನೇ ಆರಿಸಲು ಕಾರಣ ಇದೆ. ಬೇರೆ ಸರಣಿಗಳ ವಿಷಯದಲ್ಲಿ ಕ್ಯಾಸೆಟ್ಟು, ಡಿವಿಡಿ ಎಲ್ಲ ಆಮೇಲೆ ಸೇರಿಕೊಂಡ ವ್ಯಾಪಾರ. ಮೊದಲು ಕಥೆ, ನಂತರ ಪ್ರಸಾರ, ಎಲ್ಲ ಮುಗಿದ ಮೇಲೆ ಪೆಟ್ಟಿಗೆ. ಟ್ವಿನ್ ಪೀಕ್ಸ್‌ನಲ್ಲಿ ಮಾತ್ರ ಕ್ಯಾಸೆಟ್ ವ್ಯಾಪಾರ ಮೊದಲೇ ಬಂದು ಕೂತಿತ್ತು. ಸರಣಿಯ ಅತಿ ಪ್ರಸಿದ್ಧ ದೃಶ್ಯ ಹುಟ್ಟಿದ್ದೇ ಅದರಿಂದ. ಮುಂದೆ ಹಲವು ವರ್ಷ ಮೊದಲ ಕಂತು ಅಮೆರಿಕದ ನೋಡುಗರ ಕೈಗೆ ಸರಿಯಾಗಿ ಸಿಗದಂತೆ ಮಾಡಿದ್ದೂ ಅದೇ.

ನೋಡದವರಿಗಾಗಿ ಎರಡು ಮಾತು. ಅಮೆರಿಕದ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್ ರಾಜ್ಯ. ಅಲ್ಲಿನ ಕಾಡು, ಮಂಜು, ಸಾಮಿಲ್ಲುಗಳ ನಡುವೆ ಟ್ವಿನ್ ಪೀಕ್ಸ್ ಅನ್ನುವ ಒಂದು ಕಲ್ಪಿತ ಊರು. ಶಾಲೆಯಲ್ಲಿ ಎಲ್ಲರ ಕಣ್ಮಣಿಯಾಗಿದ್ದ ಲಾರಾ ಪಾಮರ್ ಎಂಬ ಹುಡುಗಿಯ ಹೆಣ ಒಂದು ಬೆಳಿಗ್ಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಸ್ಥಿತಿಯಲ್ಲಿ ನೀರಿನ ದಡದಲ್ಲಿ ಸಿಗುತ್ತದೆ. ತನಿಖೆಗೆ ಎಫ್‌ಬಿಐನಿಂದ ಡೇಲ್ ಕೂಪರ್ ಬರುತ್ತಾನೆ. ಕಾಫಿ ಕಂಡರೆ, ಪೈ ಕಂಡರೆ, ಎತ್ತರದ ಮರ ಕಂಡರೆ ಮಗುವಿನ ಹಾಗೆ ಖುಷಿಪಡುವ ಮನುಷ್ಯ. ಕನಸನ್ನೂ ಸಾಕ್ಷಿ ಅಂತ ಪರಿಗಣಿಸುವ ಪೊಲೀಸು. ಮೊದಲ ಕಂತು 1990ರ ಏಪ್ರಿಲ್ 8ರಂದು ಎಬಿಸಿ ವಾಹಿನಿಯಲ್ಲಿ ಬಂತು. ಆ ರಾತ್ರಿ ಅಮೆರಿಕದಲ್ಲಿ ಸುಮಾರು 3.46 ಕೋಟಿ ಜನ ಅದನ್ನು ನೋಡಿದರು. ಮುಂದಿನ ವರ್ಷ ಜೂನ್ 10ಕ್ಕೆ ಸರಣಿ ಮುಗಿದೇ ಹೋಯಿತು. ಒಟ್ಟು ಮೂವತ್ತು ಕಂತು. ಕೊಲೆಗಾರ ಯಾರು ಅಂತ ಬೇಗ ಹೇಳಿ ಅನ್ನುವ ಒತ್ತಡ, ಹೇಳಿದ ಮೇಲೆ ಸಡಿಲಾದ ಕಥೆ, ಶನಿವಾರ ರಾತ್ರಿಗೆ ತಳ್ಳಿದ ಸಮಯ. ಎಲ್ಲ ಸೇರಿ ಕೊಂದವು.

ಈಗ ಆ ಮೊದಲ ಕಂತಿಗೆ ಬರೋಣ.

ಪೈಲಟ್ ಕಂತಿಗೆ, ಅಂದರೆ ಸರಣಿ ಬೇಕೋ ಬೇಡವೋ ಅಂತ ವಾಹಿನಿ ನೋಡಿ ತೀರ್ಮಾನಿಸಲು ಮಾಡುವ ಆ ಮೊದಲ ಕಂತಿಗೆ, ದುಡ್ಡು ಹಾಕುವಾಗ ಒಂದು ಷರತ್ತು ಇತ್ತು. ಸರಣಿ ಮುಂದುವರಿಯದೇ ಹೋದರೆ ಇದನ್ನು ಯುರೋಪಿನಲ್ಲಿ ಒಂದು ಪೂರ್ಣ ಸಿನಿಮಾದಂತೆ ಕ್ಯಾಸೆಟ್ ಮಾಡಿ ಮಾರಬೇಕು. ಅದಕ್ಕೆ ಒಂದು ಮುಕ್ತಾಯ ಬೇಕು. ಅಂದರೆ ಕೊಲೆಗಾರ ಇವನೇ ಅಂತ ತೋರಿಸಿ ಕಥೆ ಮುಗಿಸಬೇಕು. ಕೊಲೆಯ ಗುಟ್ಟನ್ನು ಬಿಡಿಸುವುದೇ ಬೇಡ ಅಂದುಕೊಂಡಿದ್ದ ಲಿಂಚ್‌ಗೆ ಇದೊಂದು ತಲೆನೋವು. ಏನು ಮಾಡಬೇಕು ಅಂತ ಹೊಳೆಯದೆ ದಿನ ತಳ್ಳುತ್ತಿದ್ದರು. ಒಂದು ಸಂಜೆ ಎಡಿಟಿಂಗ್ ಕೆಲಸ ಮುಗಿಸಿ ಹೊರಗೆ ಬಂದು, ಬಿಸಿಲಿಗೆ ಕಾದಿದ್ದ ಕಾರಿನ ಮೇಲೆ ಕೈ ಇಟ್ಟರಂತೆ. ಆ ಬಿಸಿ ತಾಗಿದ ಗಳಿಗೆಯಲ್ಲೇ ಕೆಂಪು ಕೋಣೆ ಮನಸ್ಸಿಗೆ ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ.

ಕೆಂಪು ಪರದೆಗಳು. ಕಪ್ಪು ಬಿಳುಪು ಅಂಕುಡೊಂಕು ಪಟ್ಟೆಯ ನೆಲ. ಕುರ್ಚಿಯಲ್ಲಿ ಮುಪ್ಪಾದ ಕೂಪರ್. ಎದುರಿಗೆ ಕೆಂಪು ಸೂಟಿನ ಕುಳ್ಳ ಮನುಷ್ಯ, ಪಕ್ಕದಲ್ಲಿ ಲಾರಾಳನ್ನೇ ಹೋಲುವ ಹೆಂಗಸು. ಅವರಿಬ್ಬರ ಮಾತು ಎಲ್ಲಿಂದಲೋ ತಿರುಚಿ ಬಂದಂತೆ ಕೇಳುತ್ತದೆ. ನಟರು ಮಾತುಗಳನ್ನು ಉಲ್ಟಾ ಕಲಿತು ಹೇಳಿದರು, ಆ ಧ್ವನಿಯನ್ನು ಮತ್ತೆ ಉಲ್ಟಾ ಓಡಿಸಿದರು. ಕುಳ್ಳ ಮನುಷ್ಯನ ಪಾತ್ರ ಮಾಡಿದ ಮೈಕಲ್ ಆಂಡರ್ಸನ್‌ಗೆ ಹಾಗೆ ಉಲ್ಟಾ ಮಾತಾಡುವುದು ಶಾಲೆಯ ದಿನಗಳಿಂದಲೇ ರೂಢಿಯಿತ್ತು. ಈ ದೃಶ್ಯವನ್ನು ಮೊದಲು ಚಿತ್ರೀಕರಿಸಿದ್ದು ಯುರೋಪಿನ ಕ್ಯಾಸೆಟ್ಟಿನ ಕೊನೆಗೆ ಅಂಟಿಸಲು. ತೆರೆಯ ಮೇಲೆ 'ಇಪ್ಪತ್ತೈದು ವರ್ಷಗಳ ನಂತರ' ಅಂತ ಬರಹ ಬರುತ್ತಿತ್ತು. ಸರಣಿಗೆ ಒಪ್ಪಿಗೆ ಸಿಕ್ಕಿದ ಮೇಲೆ ಲಿಂಚ್ ಅದರ ಬಹುಭಾಗವನ್ನು ಪೈಲಟ್ ನಂತರದ ಎರಡನೇ ಕಂತಿಗೆ ಕೂಪರ್‌ನ ಕನಸಾಗಿ ತಂದು ಸೇರಿಸಿದರು. ಟ್ವಿನ್ ಪೀಕ್ಸ್ ಅಂದಕೂಡಲೇ ಇವತ್ತು ಎಲ್ಲರ ಕಣ್ಣಿಗೆ ಬರುವುದು ಅದೇ ಕೋಣೆ. ಅದು ಒಂದು ವಿಡಿಯೋ ಒಪ್ಪಂದದ ಕೂಸು. ಕಲೆಗೆ ವ್ಯಾಪಾರದ ಷರತ್ತು ಅಡ್ಡಿ ಅಂತ ಸಾಮಾನ್ಯವಾಗಿ ಹೇಳುತ್ತೇವೆ. ಇಲ್ಲಿ ಷರತ್ತೇ ದಾರಿ ತೋರಿಸಿತು.

ಅದೇ ಒಪ್ಪಂದ ಆಮೇಲೆ ಕಾಟವನ್ನೂ ಕೊಟ್ಟಿತು. ಪೈಲಟ್‌ನ ವಿಡಿಯೋ ಹಕ್ಕು ಒಂದು ಕಡೆ, ಉಳಿದ ಕಂತುಗಳ ಹಕ್ಕು ಇನ್ನೊಂದು ಕಡೆ ಹಂಚಿಹೋಯಿತು. ಅಮೆರಿಕದಲ್ಲಿ ಬಂದ ಕ್ಯಾಸೆಟ್ ಸೆಟ್ಟಿನಲ್ಲಿ ಪೈಲಟ್ ಇರಲಿಲ್ಲ. ಅದು ಬೇರೆಯಾಗಿ ಸಿಗುತ್ತಿತ್ತು, ಅದೂ ಯುರೋಪಿಗೆ ಅಂತ ಮಾಡಿದ ಆ ಮುಕ್ತಾಯದ ಸಮೇತ. ಯೋಚನೆ ಮಾಡಿ. ಹೊಸದಾಗಿ ನೋಡುವವರು ಮೊದಲ ಕ್ಯಾಸೆಟ್ಟಿನಲ್ಲೇ ಒಂದು ಸುಳ್ಳು ಕೊನೆ ನೋಡಿ, ನಂತರ ಮುಂದಿನ ಕ್ಯಾಸೆಟ್ ಹಾಕಬೇಕಿತ್ತು. 2001ರ ಡಿಸೆಂಬರ್‌ನಲ್ಲಿ ಮೊದಲ ಸೀಸನ್ನಿನ ಡಿವಿಡಿ ಬಂದಾಗಲೂ ಅದೇ ಕಥೆ. ಪೆಟ್ಟಿಗೆ ಚೆನ್ನಾಗಿತ್ತು, ಧ್ವನಿಯನ್ನು ಹೊಸದಾಗಿ ಮಿಕ್ಸ್ ಮಾಡಿದ್ದರು. ಆದರೆ ಒಳಗೆ ಏಳೇ ಕಂತು. ಲಾರಾಳ ಹೆಣ ಸಿಗುವ ದೃಶ್ಯವೇ ಇಲ್ಲದ ಲಾರಾ ಪಾಮರ್ ಕಥೆ! ಪೈಲಟ್ ಬೇಕಾದವರು ತೈವಾನಿನಿಂದ ಬಂದ ಡಿಸ್ಕನ್ನು ತರಿಸಿಕೊಂಡು ಆ ಪೆಟ್ಟಿಗೆಯ ಪಕ್ಕ ಇಟ್ಟುಕೊಳ್ಳುತ್ತಿದ್ದರು.

ಎರಡನೇ ಸೀಸನ್ನಿಗೆ ಜನ ಇನ್ನೂ ಐದು ವರ್ಷ ಕಾದರು. ಅದು ಬಂದದ್ದು 2007ರ ಏಪ್ರಿಲ್‌ನಲ್ಲಿ. ಕೊಂಡವರು ನೋಡಿ ಮುಗಿಸುವಷ್ಟರಲ್ಲಿ, ಅದೇ ವರ್ಷದ ಅಕ್ಟೋಬರ್ ಕೊನೆಗೆ, ಎರಡೂ ಸೀಸನ್ ಸೇರಿಸಿದ 'ಗೋಲ್ಡ್ ಬಾಕ್ಸ್' ಬಂತು. ಅದರಲ್ಲಿ ಪೈಲಟ್ ಇತ್ತು. ಟಿವಿಯಲ್ಲಿ ಬಂದ ರೂಪವೂ ಇತ್ತು, ಯುರೋಪಿನ ರೂಪವೂ ಇತ್ತು. ಆರು ತಿಂಗಳ ಹಿಂದೆಯಷ್ಟೇ ಖರ್ಚು ಮಾಡಿದ್ದವರಿಗೆ ಸಿಟ್ಟು ಬಂತು, ಬರಬೇಕಾದದ್ದೇ. ಹೊಸ ಪೆಟ್ಟಿಗೆಗಳ ವಿಷಯದಲ್ಲಿ ನನಗಿರುವ ದೊಡ್ಡ ತಕರಾರು ಇದು. ಮತ್ತೆ ತರುವುದು ತಪ್ಪಲ್ಲ. ನಾಳೆ ಪೂರ್ತಿ ಕೊಡುವುದು ಗೊತ್ತಿದ್ದೂ ಇವತ್ತು ಅರ್ಧವನ್ನು ಮಾರುವುದು ತಪ್ಪು. ಸರಣಿಯನ್ನು ಅತಿಯಾಗಿ ಪ್ರೀತಿಸುವವನೇ ಮೊದಲ ದಿನ ಕೊಳ್ಳುತ್ತಾನೆ, ಪೆಟ್ಟು ಬೀಳುವುದೂ ಅವನಿಗೇ.

ಹಾಗಂತ ಗೋಲ್ಡ್ ಬಾಕ್ಸನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ನನ್ನ ಹತ್ತಿರ ಇರುವುದು ಅಕ್ಕ ಅಮೆರಿಕದಿಂದ ಬರುವಾಗ ಸ್ವೆಟರಿನಲ್ಲಿ ಸುತ್ತಿ ತಂದುಕೊಟ್ಟದ್ದು. "ಇಷ್ಟು ದೂರದಿಂದ ಹೊರಿಸಿದ್ಯಲ್ಲಾ, ಏನೇ ಇದೆ ಇದರೊಳಗೆ?" ಅಂತ ಕೇಳಿದ್ದಳು. ಡಿವಿಡಿಗಳಿಗೆ ರೀಜನ್ ಅಂತ ಪ್ರದೇಶವಾರು ಬೀಗ ಇರುತ್ತದೆ; ಅಮೆರಿಕದ ಡಿವಿಡಿ ರೀಜನ್ 1, ನಮ್ಮ ದೇಶದ್ದು ರೀಜನ್ 5. ಎಲ್ಲ ರೀಜನ್ ಓಡಿಸುವ ಪ್ಲೇಯರ್ ಇಲ್ಲದೆ ಅದು ಇಲ್ಲಿ ಸುಮ್ನೆ ಹೊಳೆಯುವ ತಟ್ಟೆ. ಎಸ್.ಪಿ. ರೋಡಿನಲ್ಲಿ ಅಂಥ ಪ್ಲೇಯರ್ ಹುಡುಕಿ ತಂದ ಮೇಲೆ ನಾವಿಬ್ಬರೂ ಮೊದಲು ನೋಡಿದ್ದು ಕಂತುಗಳನ್ನಲ್ಲ, ಸರಣಿ ಹುಟ್ಟಿದ ಬಗೆಯ ಸಾಕ್ಷ್ಯಚಿತ್ರವನ್ನು. ಅದರಲ್ಲಿ ಸಂಗೀತಗಾರ ಆಂಜೆಲೊ ಬಡಾಲಮೆಂಟಿ ತಮ್ಮ ಕೀಬೋರ್ಡಿನ ಮುಂದೆ ಕೂತು ಲಾರಾಳ ಧುನ್ ಹೇಗೆ ಬಂತು ಅಂತ ಹೇಳುತ್ತಾರೆ.

ಆ ತುಣುಕಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಬಡಾಲಮೆಂಟಿ ಕೀಬೋರ್ಡ್ ಮೇಲೆ ಕೈ ಇಡುತ್ತಾರೆ. ಪಕ್ಕದಲ್ಲಿ ಲಿಂಚ್ ಕೂತಿದ್ದರು ಅಂತ ನೆನೆಯುತ್ತಾರೆ. ಕತ್ತಲ ಕಾಡಿನಲ್ಲಿದ್ದೀವಿ ಆಂಜೆಲೊ, ಮರಗಳ ನಡುವೆ ಮೆಲ್ಲಗೆ ಗಾಳಿ ಬೀಸುತ್ತಿದೆ, ಅಂತ ಲಿಂಚ್ ಕಿವಿಯಲ್ಲಿ ಹೇಳುತ್ತಿದ್ದರಂತೆ. ಇವರು ಕೆಳಗಿನ ಸ್ವರಗಳನ್ನು ನಿಧಾನವಾಗಿ ಒತ್ತುತ್ತಾರೆ. ಇನ್ನೂ ನಿಧಾನ ಅನ್ನುತ್ತಿದ್ದರಂತೆ ಲಿಂಚ್. ಆಮೇಲೆ ಕಾಡಿನ ಒಳಗಿನಿಂದ ಒಬ್ಬಂಟಿ ಹುಡುಗಿ ನಡೆದು ಬರುತ್ತಾಳೆ. ಸ್ವರ ಮೇಲೇರುತ್ತದೆ. ಅವಳು ಹತ್ತಿರ ಬಂದಷ್ಟೂ ಏರುತ್ತದೆ, ತುತ್ತತುದಿ ಮುಟ್ಟಿ ಒಡೆಯುತ್ತದೆ, ಮತ್ತೆ ಮೆಲ್ಲಗೆ ಕತ್ತಲಿಗೆ ಇಳಿಯುತ್ತದೆ. ನುಡಿಸುತ್ತಾ ನುಡಿಸುತ್ತಾ ಬಡಾಲಮೆಂಟಿ ಎರಡೂ ಪಾತ್ರ ತಾವೇ ಮಾಡುತ್ತಾರೆ. ಲಿಂಚ್‌ರ ಧ್ವನಿ ತೆಗೆಯುತ್ತಾರೆ, ತಮ್ಮ ಬೆರಗನ್ನೂ ತೋರಿಸುತ್ತಾರೆ. ಅಕ್ಕ ಅದನ್ನು ನೋಡಿದ ಮೇಲೆ ಪೆಟ್ಟಿಗೆಯಲ್ಲಿ ಏನಿದೆ ಅಂತ ಮತ್ತೆ ಕೇಳಲಿಲ್ಲ. ಬಡಾಲಮೆಂಟಿ 2022ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಜಗತ್ತಿನ ಎಲ್ಲೆಡೆ ಜನ ಹಂಚಿಕೊಂಡದ್ದು ಇದೇ ತುಣುಕನ್ನು. ಒಂದು ಡಿವಿಡಿ ಪೆಟ್ಟಿಗೆ ತುಂಬಬೇಕು ಅಂತ ಯಾರೋ ಕ್ಯಾಮೆರಾ ಹಿಡಿದು ಅವರ ಮುಂದೆ ಕೂತಿದ್ದಕ್ಕೆ ಅದು ಉಳಿಯಿತು. ಹೆಚ್ಚುವರಿ ಸಾಮಗ್ರಿ ಅಂತ ಪೆಟ್ಟಿಗೆಯ ಬೆನ್ನಿಗೆ ಸಣ್ಣಕ್ಷರದಲ್ಲಿ ಅಚ್ಚಾಗುವುದರಲ್ಲಿ ಇಂಥದ್ದೂ ಇರುತ್ತದೆ.

ಗೋಲ್ಡ್ ಬಾಕ್ಸ್‌ನಲ್ಲಿ ಇನ್ನೂ ಇದ್ದವು. ಜಪಾನಿನ ಒಂದು ಕಾಫಿ ಬ್ರ್ಯಾಂಡಿಗೆ ಲಿಂಚ್ ಮಾಡಿಕೊಟ್ಟ ನಾಲ್ಕು ಜಾಹೀರಾತುಗಳು. ಅವುಗಳಲ್ಲೂ ಕೂಪರ್ ಒಂದು ಪುಟ್ಟ ತನಿಖೆ ನಡೆಸುತ್ತಾನೆ. ಲಾಗ್ ಲೇಡಿಯ ಮುನ್ನುಡಿಗಳೂ ಇದ್ದವು. ಮರದ ದಿಮ್ಮಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುವ ಹೆಂಗಸು ಅವಳು. 1993ರಲ್ಲಿ ಬ್ರಾವೋ ಕೇಬಲ್ ವಾಹಿನಿ ಸರಣಿಯನ್ನು ಮರುಪ್ರಸಾರ ಮಾಡಿದಾಗ, ಪ್ರತಿ ಕಂತಿನ ಮುಂದೆ ಅವಳು ಕೂತು ಒಂದೆರಡು ಮಾತು ಹೇಳುವ ತುಣುಕುಗಳನ್ನು ಲಿಂಚ್ ಹೊಸದಾಗಿ ಬರೆದು ತೆಗೆದಿದ್ದರು. ಪಾತ್ರ ಮಾಡಿದ ಕ್ಯಾಥರೀನ್ ಕೋಲ್ಸನ್ 2015ರಲ್ಲಿ ತೀರಿಕೊಂಡರು. ಅವರ ಆ ಮುನ್ನುಡಿಗಳಿಲ್ಲದ ಪೆಟ್ಟಿಗೆಯನ್ನು ಪೂರ್ತಿ ಅಂತ ಕರೆಯಲು ನಾನಂತೂ ತಯಾರಿಲ್ಲ.

ಮುಂದಿನದು 2014ರ ಜುಲೈ ಕೊನೆಗೆ ಬಂದ ಬ್ಲೂ-ರೇ ಪೆಟ್ಟಿಗೆ, 'ದಿ ಎಂಟೈರ್ ಮಿಸ್ಟರಿ'. ನನ್ನ ಲೆಕ್ಕದಲ್ಲಿ ಹಳೇ ಸರಣಿಯೊಂದನ್ನು ಮತ್ತೆ ಪ್ಯಾಕ್ ಮಾಡುವುದು ಹೇಗೆ ಅನ್ನುವುದಕ್ಕೆ ಇದೇ ಮಾದರಿ. ಅದಕ್ಕೆ ಎರಡು ಕಾರಣ.

ಮೊದಲನೆಯದು ಚಿತ್ರ. ಟ್ವಿನ್ ಪೀಕ್ಸನ್ನು 35 ಎಂಎಂ ಫಿಲ್ಮಿನಲ್ಲಿ ತೆಗೆದಿದ್ದರು. ಆ ಕಾಲದ ಟಿವಿ ತೋರಿಸಬಹುದಾದ್ದಕ್ಕಿಂತ ಎಷ್ಟೋ ಹೆಚ್ಚು ವಿವರ ಆ ನೆಗೆಟಿವ್‌ನಲ್ಲಿ ಮೊದಲಿನಿಂದಲೂ ಇತ್ತು. ಅಮೆರಿಕದ ಡಿವಿಡಿ ತೋರಿಸುವುದು 480 ಗೆರೆಗಳ ಚಿತ್ರ. ಬ್ಲೂ-ರೇ 1080. ಹಾಗಾಗಿ ಬ್ಲೂ-ರೇಗೆ ಬಂದಾಗ ಹೊಸದೇನನ್ನೂ ಕೃತಕವಾಗಿ ಸೇರಿಸಬೇಕಾಗಿ ಬರಲಿಲ್ಲ. ಇದ್ದದ್ದನ್ನು ಹೊರತೆಗೆದರೆ ಸಾಕಿತ್ತು. ಬರೀ ವಿಡಿಯೋ ಟೇಪಿನಲ್ಲಿ ತೆಗೆದ ಹಳೇ ಧಾರಾವಾಹಿಗಳಿಗೆ ಈ ಭಾಗ್ಯ ಇಲ್ಲ. ಅವುಗಳ ಮೇಲೆ ಎಚ್‌ಡಿ ಅಂತ ಬರೆದು ಮಾರಿದರೆ ಅನುಮಾನದಿಂದಲೇ ನೋಡಬೇಕು. ಇನ್ನೊಂದು ಒಳ್ಳೇ ಕೆಲಸ ಏನಂದರೆ, ಇಲ್ಲಿ ಚಿತ್ರದ ಹಳೇ ಚೌಕಾಕಾರವನ್ನು ಹಾಗೇ ಉಳಿಸಿದರು. ಈಗಿನ ಅಗಲ ಟಿವಿ ತುಂಬಲಿ ಅಂತ ಮೇಲೂ ಕೆಳಗೂ ಕತ್ತರಿಸಲಿಲ್ಲ.

ಇದರಿಂದ ಏನು ವ್ಯತ್ಯಾಸ ಆಗುತ್ತದೆ ಅನ್ನುವವರಿಗೆ ಪೈಲಟ್‌ನ ಕೊನೆಯ ದೃಶ್ಯ ತೋರಿಸುತ್ತೇನೆ. ಲಾರಾಳ ತಾಯಿ ಸೋಫಾದ ಮೇಲೆ ಒರಗಿದ್ದಾಳೆ. ಇದ್ದಕ್ಕಿದ್ದ ಹಾಗೆ ಏನೋ ಕಂಡವಳಂತೆ ಎದ್ದು ಕೂತು ಚೀರುತ್ತಾಳೆ. ಹಿಂದಿನ ಗೋಡೆಯಲ್ಲಿ ಕನ್ನಡಿ. ಅದನ್ನು ಚಿತ್ರಿಸುವಾಗ ಫ್ರಾಂಕ್ ಸಿಲ್ವಾ ಅನ್ನುವವರ ಪ್ರತಿಬಿಂಬ ಕನ್ನಡಿಯಲ್ಲಿ ಬಿದ್ದುಬಿಟ್ಟಿತ್ತು. ಸಿಲ್ವಾ ನಟರಲ್ಲ, ಸೆಟ್ಟಿನ ಸಾಮಾನು ಜೋಡಿಸುತ್ತಿದ್ದವರು. ಶಾಟ್ ಕೆಟ್ಟಿತು, ಯಾರೋ ಕನ್ನಡಿಯಲ್ಲಿ ಕಾಣುತ್ತಿದ್ದಾರೆ ಅಂತ ಕ್ಯಾಮೆರಾದವರು ಹೇಳಿದರು. ಯಾರು ಅಂತ ಲಿಂಚ್ ಕೇಳಿದರು. ಫ್ರಾಂಕ್ ಅಂತ ಉತ್ತರ ಬಂತು. ಅದಕ್ಕೂ ಮೊದಲೇ ಲಿಂಚ್ ಸುಮ್ನೆ ಒಂದು ಅಂದಾಜಿನ ಮೇಲೆ ಸಿಲ್ವಾರನ್ನು ಲಾರಾಳ ಮಂಚದ ಕಾಲ್ದೆಸೆಯ ಸರಳುಗಳ ಹಿಂದೆ ಕೂರಿಸಿ ಒಂದು ಶಾಟ್ ತೆಗೆದಿಟ್ಟಿದ್ದರು. ಯಾಕೆ ಅಂತ ಆಗ ಅವರಿಗೂ ಗೊತ್ತಿರಲಿಲ್ಲ. ಕನ್ನಡಿಯ ಈ ಅಪಘಾತದ ನಂತರ ಗೊತ್ತಾಯಿತು. ಟಿವಿ ಚರಿತ್ರೆಯಲ್ಲೇ ಅತಿ ಭಯಂಕರ ಪಾತ್ರಗಳಲ್ಲಿ ಒಂದಾದ ಬಾಬ್ ಹುಟ್ಟಿದ್ದು ಹೀಗೆ.

ಡಿವಿಡಿಯಲ್ಲಿ ಆ ಕನ್ನಡಿ ಬರೀ ಮಬ್ಬು ಕಲೆ. ಕಥೆ ಗೊತ್ತಿದ್ದವರು ಅಲ್ಲೇ ಎಲ್ಲೋ ಇದ್ದಾನೆ ಅಂತ ನಂಬಿಕೊಂಡು ನೋಡಬೇಕಿತ್ತು. ಬ್ಲೂ-ರೇಯಲ್ಲಿ ಅಲ್ಲಿ ಒಂದು ಮುಖ ಇದೆ. ಅವಳು ಚೀರುತ್ತಿರುವಾಗ ನಮ್ಮ ಕಣ್ಣು ಅವಳನ್ನು ಬಿಟ್ಟು ಆ ಮೂಲೆಗೆ ಹೋಗುತ್ತದೆ, ಮೈ ಜುಂ ಅನ್ನುತ್ತದೆ. ನಾನು ರಿಮೋಟ್ ಒತ್ತಿ ಅಲ್ಲೇ ನಿಲ್ಲಿಸಿ, ಎದ್ದು ಹೋಗಿ ಟಿವಿ ಹತ್ತಿರ ನಿಂತು ನೋಡಿದ್ದೇನೆ. ಅದೇ ದೃಶ್ಯ ನಿಜ, ಆದರೆ ನೋಡುವ ಅನುಭವ ಬೇರೆ. ಇಂಥದ್ದಕ್ಕೆ ಎರಡನೇ ಸಲ ದುಡ್ಡು ಕೊಡಲು ನನಗೆ ಬೇಜಾರಿಲ್ಲ.

ಎರಡನೇ ಕಾರಣ ಇನ್ನೂ ದೊಡ್ಡದು. ಸರಣಿ ನಿಂತ ಮರುವರ್ಷ, 1992ರಲ್ಲಿ, ಲಿಂಚ್ 'ಫೈರ್ ವಾಕ್ ವಿತ್ ಮಿ' ಅನ್ನುವ ಸಿನಿಮಾ ಮಾಡಿದರು. ಲಾರಾಳ ಕೊನೆಯ ಏಳು ದಿನಗಳ ಕಥೆ. ಅದನ್ನು ಚಿತ್ರೀಕರಿಸುವಾಗ ಊರಿನ ಬಹಳ ಜನರ ದೃಶ್ಯಗಳನ್ನೂ ತೆಗೆದಿದ್ದರು. ಆದರೆ ಸಿನಿಮಾ ಲಾರಾಳ ಸುತ್ತಲೇ ಬಿಗಿಯಾಗಬೇಕಾಗಿ ಬಂತು. ಶೆರಿಫ್ ಟ್ರೂಮನ್, ಸಾಮಿಲ್ಲಿನ ಪೀಟ್, ಪೆಟ್ರೋಲ್ ಬಂಕಿನ ಎಡ್, ಅವನ ಹೆಂಡತಿ ನೇಡೀನ್, ಇವರೆಲ್ಲ ಕತ್ತರಿಗೆ ಸಿಕ್ಕಿ ಹೋದರು. ಆ ರೀಲುಗಳು ಎಲ್ಲೋ ಇವೆ ಅಂತ ಅಭಿಮಾನಿಗಳಿಗೆ ಗೊತ್ತಿತ್ತು. ಅವನ್ನು ಬಿಡುಗಡೆ ಮಾಡಿ ಅಂತ ವರ್ಷಗಟ್ಟಲೆ ಬೇಡಿದರು. ಸಿನಿಮಾದ ಹಕ್ಕು ಫ್ರಾನ್ಸಿನಲ್ಲಿ, ಸರಣಿಯ ಹಕ್ಕು ಅಮೆರಿಕದಲ್ಲಿ. ಕತ್ತರಿಸಿದ ದೃಶ್ಯಗಳಿಗೆ ಧ್ವನಿ, ಸಂಗೀತ, ಬಣ್ಣ ಎಲ್ಲ ಮುಗಿಸಲು ಖರ್ಚು ಬೇರೆ. ಕೊನೆಗೂ 2014ರ ಪೆಟ್ಟಿಗೆಯಲ್ಲಿ ಅವು ಬಂದವು. ಸುಮಾರು ಒಂದೂವರೆ ಗಂಟೆ. ಲಿಂಚ್ ಅವನ್ನು ಸುಮ್ನೆ ಒಂದರ ಹಿಂದೆ ಒಂದು ಪೇರಿಸಲಿಲ್ಲ. ಹೊಸದಾಗಿ ಎಡಿಟ್ ಮಾಡಿ, ಧ್ವನಿ ಕೂರಿಸಿ, 'ದಿ ಮಿಸ್ಸಿಂಗ್ ಪೀಸಸ್' ಅಂತ ಹೆಸರಿಟ್ಟು ಒಂದು ಸಿನಿಮಾದ ಹಾಗೇ ಕೊಟ್ಟರು.

ಅದರಲ್ಲಿ ಒಂದು ದೃಶ್ಯ ನನಗೆ ತುಂಬಾ ಇಷ್ಟ. ಸಾಮಿಲ್ಲಿನ ಆಫೀಸಿಗೆ ಒಬ್ಬ ಮುದುಕ ಬಂದು ಜಗಳ ತೆಗೆಯುತ್ತಾನೆ. ನೀವು ಕೊಟ್ಟ ಟೂ ಬೈ ಫೋರ್ ಮರದ ಪಟ್ಟಿ ಅಳೆದು ನೋಡಿದೆ, ಎರಡೂ ಇಲ್ಲ, ನಾಲ್ಕೂ ಇಲ್ಲ ಅನ್ನುತ್ತಾನೆ. ಅವನ ಮಾತು ನಿಜವೇ. ಅಮೆರಿಕದಲ್ಲಿ ಟೂ ಬೈ ಫೋರ್ ಅಂತ ಮಾರುವ ಪಟ್ಟಿ ಒಣಗಿಸಿ ಕೀಸಿದ ಮೇಲೆ ಒಂದೂವರೆ ಇಂಚು ಬೈ ಮೂರೂವರೆ ಇಂಚು ಉಳಿಯುತ್ತದೆ. ಪೀಟ್ ತಾಳ್ಮೆಯಿಂದ ಅವನಿಗೆ ತಿಳಿಹೇಳಲು ನೋಡುತ್ತಾನೆ. ಪೀಟ್ ಪಾತ್ರ ಮಾಡಿದವರು ಜ್ಯಾಕ್ ನ್ಯಾನ್ಸ್. ಸರಣಿಯ ಮೊದಲಲ್ಲಿ ಲಾರಾಳ ಹೆಣವನ್ನು ಕಂಡು ಶೆರಿಫ್‌ಗೆ ಫೋನ್ ಮಾಡುವವನು ಅವನೇ. ನ್ಯಾನ್ಸ್ 1996ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಬಾಬ್ ಆಗಿದ್ದ ಫ್ರಾಂಕ್ ಸಿಲ್ವಾ ಅದಕ್ಕೂ ಒಂದು ವರ್ಷ ಮೊದಲು. ಮೇಜರ್ ಬ್ರಿಗ್ಸ್ ಆಗಿದ್ದ ಡಾನ್ ಡೇವಿಸ್ 2008ರಲ್ಲಿ. ಅವರೆಲ್ಲ ಹೋಗಿ ಎಷ್ಟೋ ವರ್ಷದ ಮೇಲೆ ಅವರ ಹೊಸ ದೃಶ್ಯ ನೋಡಲು ಸಿಕ್ಕಿತು. ಕಥೆಗೆ ಆ ಮರದ ಪಟ್ಟಿಯ ಜಗಳ ಬೇಕಿಲ್ಲ, ಸಿನಿಮಾದಿಂದ ತೆಗೆದದ್ದೂ ಸರಿಯೇ. ಆದರೆ ಆ ಊರನ್ನು ಪ್ರೀತಿಸುವವರಿಗೆ ಅದು ಬೇಕು. ಮುಖ್ಯ ಬೀದಿಯಲ್ಲಿ ಕೊಲೆ ನಡೆದಿರುವಾಗಲೂ ಪಕ್ಕದ ಬೀದಿಯಲ್ಲಿ ಅಳತೆಯ ತಕರಾರು ನಡೆಯುತ್ತಿರುತ್ತದೆ ಅಂತ ತೋರಿಸಿದ್ದಕ್ಕೇ ಅಲ್ವಾ ಈ ಊರು ನಿಜ ಅನ್ನಿಸಿದ್ದು?

ಇನ್ನೊಂದು ವಿಷಯ. 1991ರ ಕೊನೆಯ ಕಂತು ಒಂದು ಕನ್ನಡಿಯ ಮುಂದೆ, ಎದೆ ಝಲ್ಲೆನ್ನುವ ಗಳಿಗೆಯಲ್ಲಿ ನಿಂತಿತ್ತು. ಆ ಗಳಿಗೆಯ ಮುಂದಿನ ಕೆಲವು ನಿಮಿಷ 'ಮಿಸ್ಸಿಂಗ್ ಪೀಸಸ್'ನ ಕೊನೆಯಲ್ಲಿದೆ. ಇಪ್ಪತ್ಮೂರು ವರ್ಷ ಕಾದವರಿಗೆ ಒಂದು ಡಿಸ್ಕ್ ಪೆಟ್ಟಿಗೆ ಕಥೆಯ ಮುಂದಿನ ಹೆಜ್ಜೆ ತೋರಿಸಿತು! ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ.

ಆ ಕೊನೆಯ ಕಂತಿನಲ್ಲೇ ಕೆಂಪು ಕೋಣೆಯಲ್ಲಿ ಲಾರಾ ಕೂಪರ್‌ಗೆ ಇಪ್ಪತ್ತೈದು ವರ್ಷದ ಮೇಲೆ ಮತ್ತೆ ಸಿಗುತ್ತೇನೆ ಅಂತ ಹೇಳಿದ್ದಳು. ಯುರೋಪಿನ ಕ್ಯಾಸೆಟ್ಟಿಗಾಗಿ ಹೊಳೆದಿದ್ದ ಆ ಸಂಖ್ಯೆ ಹೀಗೆ ಸರಣಿಯ ಮಾತೇ ಆಗಿಬಿಟ್ಟಿತ್ತು. ಬ್ಲೂ-ರೇ ಬಂದ ಕೆಲವೇ ತಿಂಗಳಿಗೆ, 2014ರ ಅಕ್ಟೋಬರ್‌ನಲ್ಲಿ, ಸರಣಿ ಮರಳಿ ಬರುತ್ತದೆ ಅಂತ ಘೋಷಣೆಯಾಯಿತು. 2017ರ ಮೇ 21ರಿಂದ ಸೆಪ್ಟೆಂಬರ್ 3ರವರೆಗೆ ಶೋಟೈಮ್ ವಾಹಿನಿಯಲ್ಲಿ ಹದಿನೆಂಟು ಭಾಗ ಬಂತು. ಹದಿನೆಂಟನ್ನೂ ಲಿಂಚ್ ಅವರೇ ನಿರ್ದೇಶಿಸಿದರು. ವಾರ್ಷಿಕೋತ್ಸವ ಅಂದರೆ ಸಾಮಾನ್ಯವಾಗಿ ಮಾರಾಟದವರು ಕ್ಯಾಲೆಂಡರ್ ನೋಡಿ ಹುಟ್ಟಿಸುವ ನೆಪ. ಇಲ್ಲಿ ಅದು ಕಥೆಯ ಒಳಗೇ ಇದ್ದ ಮಾತು. ಕೂಪರ್ ಪಾತ್ರದ ಕೈಲ್ ಮೆಕ್‌ಲಾಕ್ಲನ್, ಲಾರಾ ಪಾತ್ರದ ಶೆರಿಲ್ ಲೀ, ಇಬ್ಬರೂ ಮೇಕಪ್ಪಿನ ಹಂಗಿಲ್ಲದೆ ನಿಜವಾಗಿಯೂ ವಯಸ್ಸಾಗಿ ಆ ಕುರ್ಚಿಗಳಲ್ಲಿ ಬಂದು ಕೂತರು.

ಮೂವತ್ತನೇ ವರ್ಷದ ಹೊಸ್ತಿಲಲ್ಲಿ, 2019ರ ಡಿಸೆಂಬರ್‌ನಲ್ಲಿ, 'ಫ್ರಮ್ ಝಡ್ ಟು ಎ' ಬಂತು. 21 ಡಿಸ್ಕ್. 25,000 ಪ್ರತಿ ಮಾತ್ರ. ಸರಣಿ, ಸಿನಿಮಾ, ಕತ್ತರಿಸಿದ ದೃಶ್ಯಗಳು, 2017ರ ಭಾಗಗಳು, ಎಲ್ಲ ಒಂದೇ ಕಡೆ. ಪೈಲಟ್ ಮತ್ತು 2017ರ ಎಂಟನೇ ಭಾಗ 4ಕೆಯಲ್ಲಿ, ಅಂದರೆ ಬ್ಲೂ-ರೇಗಿಂತಲೂ ಹೆಚ್ಚು ವಿವರ ತೋರಿಸುವ ರೂಪದಲ್ಲಿ. ಎಂಟನೇ ಭಾಗವನ್ನು ಆರಿಸಿದ್ದು ಸರಿಯಾದ ಆಯ್ಕೆ. 1945ರ ಜುಲೈ 16ರಂದು ನ್ಯೂ ಮೆಕ್ಸಿಕೋದಲ್ಲಿ ಮೊದಲ ಅಣುಬಾಂಬ್ ಸಿಡಿದ ಗಳಿಗೆಗೆ ಅದು ನಮ್ಮನ್ನು ಒಯ್ಯುತ್ತದೆ. ಕ್ಯಾಮೆರಾ ಆ ಅಣಬೆ ಮೋಡದ ಒಳಗೇ ನುಗ್ಗುತ್ತದೆ. ಕಪ್ಪು ಬಿಳುಪಿನಲ್ಲಿ ಸಾಗುವ ಆ ದೃಶ್ಯಕ್ಕೆ ಕತ್ತಲ ಕೋಣೆ, ದೊಡ್ಡ ಪರದೆ, ಒಳ್ಳೇ ಸ್ಪೀಕರ್ ಬೇಕು. ಫೋನಿನಲ್ಲಿ ನೋಡಿದರೆ ಅದಕ್ಕೆ ಅನ್ಯಾಯ.

ಆ ಪೆಟ್ಟಿಗೆಯಲ್ಲಿ ನಮ್ಮ ಕಡೆಯ ಒಂದು ಸಣ್ಣ ನಂಟೂ ಇದೆ. ಹೋಟೆಲ್ ಮಾಲೀಕ ಬೆನ್ ಹಾರ್ನ್ ಪಾತ್ರ ಮಾಡಿದ ರಿಚರ್ಡ್ ಬೇಮರ್ ಶೂಟಿಂಗ್ ನಡೆಯುವಾಗ ತಾವೇ ಕ್ಯಾಮೆರಾ ಹಿಡಿದು ತೆಗೆದ ತುಣುಕುಗಳು ಅದರಲ್ಲಿವೆ. ಅವುಗಳಲ್ಲಿ ಒಂದರ ಹೆಸರು 'ಡೆಹ್ರಾಡೂನ್‌ನಲ್ಲಿ ಕೆಟ್ಟ ಹಾಲು ಕುಡಿದೆ'. ಲಿಂಚ್ ಮಹರ್ಷಿ ಮಹೇಶ್ ಯೋಗಿಗಳ ಧ್ಯಾನ ಪದ್ಧತಿಯನ್ನು ದಶಕಗಳ ಕಾಲ ಬಿಡದೆ ಪಾಲಿಸಿದವರು. 2008ರಲ್ಲಿ ಮಹರ್ಷಿಗಳು ತೀರಿಕೊಂಡಾಗ ಅಂತ್ಯಕ್ರಿಯೆಗೆ ಅಲಹಾಬಾದಿಗೆ ಬಂದಿದ್ದರು. ಆ ಹೆಸರು ನೋಡಿದಾಗ ನನಗೆ ಅದೆಲ್ಲ ನೆನಪಾಗಿ ಖುಷಿಯಾಯಿತು.

ಆದರೆ 25,000 ಪ್ರತಿ ಅನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಕೊರತೆಯನ್ನು ಬೇಕಂತಲೇ ಹುಟ್ಟಿಸಿದರೆ ಪೆಟ್ಟಿಗೆ ನೋಡುಗರ ಕೈಯಿಂದ ದಲ್ಲಾಳಿಗಳ ಕೈಗೆ ಹೋಗುತ್ತದೆ. ಅಲಂಕಾರದ ಪೆಟ್ಟಿಗೆಗೆ ಮಿತಿ ಹಾಕಲಿ, ಬೇಡ ಅನ್ನುವುದಿಲ್ಲ. ಆರು ಗಂಟೆಗೂ ಹೆಚ್ಚಿನ ಹೊಸ ಸಾಮಗ್ರಿಗೂ ಅದೇ ಮಿತಿ ಹಾಕುವುದು ಯಾಕೆ? ಎಷ್ಟೋ ವರ್ಷ ಬೇಡಿದ ಅಭಿಮಾನಿಗಳ ಒತ್ತಾಯದಿಂದಲೇ ಕಳೆದುಹೋದ ದೃಶ್ಯಗಳು ಹೊರಬಂದ ಸರಣಿ ಇದು. ಇದರ ಕೊನೆಯ ತುಣುಕುಗಳು ಮೊದಲು ಬಂದ ಕೆಲವರಿಗೆ ಮಾತ್ರ ಅನ್ನುವುದು ಈ ಸರಣಿಗೆ ಒಪ್ಪುವ ನಡೆಯಲ್ಲ. ಇನ್ನೊಂದು, 2014ರ ಡಿಸ್ಕುಗಳನ್ನೇ ಸಣ್ಣ, ಅಗ್ಗದ ಪ್ಯಾಕಿನಲ್ಲಿ ಮತ್ತೆ ತಂದರು. ಒಳಗೆ ಹೊಸದೇನೂ ಇಲ್ಲ ಅಂತ ಕೆಲವರು ಅದನ್ನು ಬೈದರು. ನಾನು ಬೈಯುವುದಿಲ್ಲ. ಅದು ಹೊಸಬರಿಗೆ ಬಾಗಿಲು. ಹಳಬರು ಕೊಳ್ಳಬೇಕು ಅಂತ ಯಾರೂ ಹೇಳಿರಲಿಲ್ಲ.

ಎಲ್ಲವೂ ಸ್ಟ್ರೀಮಿಂಗ್‌ನಲ್ಲಿ ಸಿಗುವಾಗ ಡಿಸ್ಕು ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಈ ಸರಣಿಯ ಚರಿತ್ರೆಯಲ್ಲೇ ಇದೆ. ಹಕ್ಕು ಯಾರ ಕೈಯಲ್ಲಿದೆಯೋ ಅವರ ಮರ್ಜಿಗೆ ಒಂದು ಇಡೀ ಪೈಲಟ್ ಕಂತು ವರ್ಷಗಟ್ಟಲೆ ಕಾಣೆಯಾಗಿತ್ತು. ಒಪ್ಪಂದ ಮುಗಿದ ದಿನ ಆ್ಯಪ್‌ನಿಂದ ಸರಣಿ ಮಾಯವಾದರೆ ಯಾರನ್ನು ಕೇಳುವುದು? ಯುರೋಪಿನ ಮುಕ್ತಾಯ, ಲಾಗ್ ಲೇಡಿಯ ಮುನ್ನುಡಿ, ಜಪಾನಿನ ಜಾಹೀರಾತು, ಬಡಾಲಮೆಂಟಿಯವರ ಕೀಬೋರ್ಡು, ಇವೆಲ್ಲ ಕಂತಿನ ಜೊತೆಗೇ ಒಂದೇ ಕಪಾಟಿನಲ್ಲಿ ಇರುವುದು ಡಿಸ್ಕಿನಿಂದ ಮಾತ್ರ.

ಲಿಂಚ್ 2025ರ ಜನವರಿಯಲ್ಲಿ ತೀರಿಕೊಂಡರು. ಚಿತ್ರ, ಧ್ವನಿ ಎರಡರ ಬಗ್ಗೆಯೂ ಅವರದ್ದು ಬಲು ಕಟ್ಟುನಿಟ್ಟು. ಮುಂದೆ ನಲವತ್ತಕ್ಕೆ, ಐವತ್ತಕ್ಕೆ ಪೆಟ್ಟಿಗೆಗಳು ಬರಬಹುದು. ಇಡೀ ಸರಣಿ 4ಕೆಯಲ್ಲಿ ಬಂದರೂ ಬರಬಹುದು. ಆಗ ಬಣ್ಣ ಎಷ್ಟಿರಬೇಕು, ಕತ್ತಲು ಎಷ್ಟು ಕಪ್ಪಗಿರಬೇಕು ಅಂತ ಹೇಳಲು ಅವರಿರುವುದಿಲ್ಲ. ಅದಕ್ಕೇ ಅವರು ಇದ್ದಾಗ ಬಂದ 2014ರ ಡಿಸ್ಕುಗಳನ್ನು ಯಾರೂ ಹಳತಾಯಿತು ಅಂತ ಮಾರಬೇಡಿ.

ಹೊಸದಾಗಿ ನೋಡುವವರಿಗೆ ಕ್ರಮ ಹೇಳಿಬಿಡುತ್ತೇನೆ. ಪೈಲಟನ್ನು ಟಿವಿಯಲ್ಲಿ ಬಂದ ರೂಪದಲ್ಲೇ ನೋಡಿ. ಮೆನುವಿನಲ್ಲಿ ಎರಡೂ ಇರುತ್ತವೆ, ಯುರೋಪಿನದನ್ನು ಒತ್ತಬೇಡಿ. ಆಮೇಲೆ ಎರಡೂ ಸೀಸನ್, ಎರಡನೆಯದರ ನಡುವೆ ಬೇಸರವಾದರೂ ಬಿಡಬೇಡಿ, ಕೊನೆಯ ಕಂತು ಎಲ್ಲ ಬಾಕಿ ತೀರಿಸುತ್ತದೆ. ನಂತರ 1992ರ ಸಿನಿಮಾ, ಅದರ ಬೆನ್ನಿಗೇ 'ಮಿಸ್ಸಿಂಗ್ ಪೀಸಸ್'. ಒಂದಿಷ್ಟು ದಿನ ಬಿಟ್ಟು 2017ರ ಹದಿನೆಂಟು ಭಾಗ, ವಾರಕ್ಕೆ ಒಂದೋ ಎರಡೋ. ಎಲ್ಲ ಮುಗಿದ ಮೇಲೆ ಯುರೋಪಿನ ಆ ಮುಕ್ತಾಯ ಹಾಕಿ. ಅಷ್ಟು ಹೊತ್ತಿಗೆ ಅದರಲ್ಲಿನ ಮುಪ್ಪಾದ ಕೂಪರ್ ನಿಮಗೆ ಗುರುತು ಸಿಗುತ್ತಾನೆ.